ಕಡಬದವರ ಉಳಿದರ್ಧ ಭಾಷಣ

ನಮ್ಮ ಕೆಲಸದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ವಾಡಿಕೆ ಇರಲಿಲ್ಲ. ಬಾಲವಾಡಿಗಳ ಶಿಕ್ಷಕಿಯರು ಒಬ್ಬರನ್ನೊಬ್ಬರು ಊರು ಹಿಡಿದು ಕರೆಯುತ್ತಿದ್ದರು. ತಿಂಗಳ ಸಭೆಯಲ್ಲಿ ಹಾಜರಿ ತೆಗೆದುಕೊಳ್ಳುವಾಗ "ಅಮೃತೂರು ಬಂತಾ?" "ಹುಲಿಯೂರುದುರ್ಗಕ್ಕೆ ಜ್ವರವಂತೆ, ಬರಲ್ಲ" ಎಂಬ ಮಾತುಗಳನ್ನು ಕೇಳಿದವರಿಗೆ ಊರುಗಳೇ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತವೇನೋ ಎನ್ನಿಸಬೇಕು. ನಾನು ಆ ಊರುಗಳ ಮೇಲ್ವಿಚಾರಕಿ. ಗುಬ್ಬಿ ತಾಲ್ಲೂಕು ನನ್ನದು. ಕುಣಿಗಲ್ ತಾಲ್ಲೂಕಿನ ಹುದ್ದೆ ಬಹಳ ಕಾಲದಿಂದ ಖಾಲಿ ಬಿದ್ದಿದ್ದರಿಂದ ಅದರ ಭಾರವೂ ನನ್ನದೇ. ವಾಸ ತುಮಕೂರಿನ ಒಂದು ವಠಾರದಲ್ಲಿ, ತಾಯಿಯ ಜೊತೆ. ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲಿ ಕಳೆಯುತ್ತಿದ್ದ ಆ ವರ್ಷಗಳನ್ನು ನೆನೆದರೆ ಈಗಲೂ ದಣಿವಿಗಿಂತ ಮೊದಲು ಸಂತೋಷವೇ ನೆನಪಾಗುತ್ತದೆ.

ಚರ್ಚಾಸ್ಪರ್ಧೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದ ತಪ್ಪಿಗೆ ಮೂಲ ಅದೇ. ನಾನು ತುಮಕೂರಿನ ಕಾಲೇಜಿನಲ್ಲಿ ಇದ್ದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಓದಿದ್ದು ಸಮಾಜಶಾಸ್ತ್ರವಾದರೂ ಕಲಿತದ್ದು ವಾದ ಮಾಡುವುದನ್ನು ಮಾತ್ರ ಎಂದು ತಾಯಿ ಹಂಗಿಸುತ್ತಿದ್ದರು. ನಮಗೆ ಚರ್ಚೆ ಕಲಿಸಿದ ಗುರುಗಳದು ಒಂದೇ ಕಟ್ಟಳೆ: ಯಾರು ಯಾವ ಪಕ್ಷ ವಹಿಸಬೇಕೆಂಬುದನ್ನು ಚೀಟಿ ತೀರ್ಮಾನಿಸಬೇಕು. ಒಪ್ಪದ ಪಕ್ಷವನ್ನು ಹಿಡಿದು ಐದು ನಿಮಿಷ ನಿಲ್ಲಲಾರದವನಿಗೆ ತಾನು ಒಪ್ಪುವ ಪಕ್ಷವೂ ನೆಟ್ಟಗೆ ತಿಳಿದಿರುವುದಿಲ್ಲ ಎಂಬುದು ಅವರ ನಂಬಿಕೆ. ಕಾಲ ಮುಗಿಯುವ ಮುನ್ನ ಒಂದು ಸಲ ಗಂಟೆ ಬಾರಿಸುವುದು, ಮುಗಿದಾಗ ಎರಡು ಸಲ. ಎರಡನೆಯ ಬಾರಿ ಗಂಟೆ ಹೊಡೆದ ಮೇಲೆ ಆಡಿದ ಮಾತಿಗೆ ಅಂಕವಿಲ್ಲ. ಸ್ತ್ರೀಯರಿಗೆ ಉದ್ಯೋಗ ಬೇಡ ಎಂಬ ಪಕ್ಷ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಗೆದ್ದು ಪಾರಿತೋಷಕದ ಫಲಕ ಹಿಡಿದು ಮನೆಗೆ ಬಂದಾಗ ತಾಯಿ ಅದನ್ನು ತಿರುಗಿಸಿ ನೋಡಿ, "ಸರಿ ಹಂಗಾದ್ರೆ, ನಾಳೆಯಿಂದ ಮನೇಲೇ ಇರು" ಎಂದರು. ನಾನು ನಕ್ಕೆ. ಆ ಮಾತಿನಲ್ಲಿ ನನಗೆ ಒಂದು ಎಚ್ಚರಿಕೆಯೂ ಇತ್ತೆಂಬುದು ಹತ್ತು ವರ್ಷಗಳ ತನಕ ಹೊಳೆಯಲಿಲ್ಲ.

ಗುಬ್ಬಿ ತಾಲ್ಲೂಕಿನ ಕಡಬದ ಶಿಕ್ಷಕಿ, ಅಂದರೆ ನಮ್ಮ ಬಾಯಲ್ಲಿ ಕಡಬದವರು, ನನಗಿಂತ ಎಂಟು ಹತ್ತು ವರ್ಷ ಹಿರಿಯರು. ಏಳನೆಯ ತರಗತಿಯವರೆಗೆ ಓದಿದ್ದರು. ಊರಿನಲ್ಲಿ ಬಾಲವಾಡಿ ತೆರೆಯಲು ಜಾಗವಿಲ್ಲವೆಂದಾಗ ತಮ್ಮ ಮನೆಯ ಪಡಸಾಲೆಯನ್ನೇ ಬಿಟ್ಟುಕೊಟ್ಟು, ಒಂಬತ್ತು ವರ್ಷಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದರು. ಆ ಪಡಸಾಲೆಯ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಒಣಗಲು ಬಿಟ್ಟ ತೆಂಗಿನಕಾಯಿ. ಇಲಿ ಓಡಾಡಿ ಕಾಯೊಂದು ಉರುಳಿದರೆ ಕೆಳಗೆ ಕುಳಿತ ಮಕ್ಕಳೆಲ್ಲ ಒಟ್ಟಿಗೆ "ಒಂದು" ಎನ್ನುತ್ತಿದ್ದರು. ಇನ್ನೊಂದು ಉರುಳಿದರೆ "ಎರಡು". ಹೀಗೆ ಎಣಿಕೆ ಕಲಿಸುವ ಕ್ರಮ ಯಾವ ಕೈಪಿಡಿಯಲ್ಲೂ ಇರಲಿಲ್ಲ. ನಾನು ಮೊದಲ ಬಾರಿ ತಪಾಸಣೆಗೆ ಹೋದ ದಿನ ಆರರವರೆಗೆ ಎಣಿಕೆಯಾಗಿತ್ತು. "ಇಲಿ ಇವತ್ತು ಸೋಮಾರಿ ಆಗೈತೆ ಮೇಡಮ್ಮೋರೆ, ಬೇರೆ ದಿನ ಇಪ್ಪತ್ತರ ತನಕ ಕಲಿಸ್ತದೆ" ಎಂದರು ಅವರು. ಹಳದಿ ಜೋಳದ ರವೆಯ ಉಪ್ಪಿಟ್ಟು ಹಂಚುವಾಗ ಅವರು ಯಾವ ಮಗುವಿಗೂ ಸೌಟಿನ ಅಳತೆಯಲ್ಲಿ ಬಡಿಸುತ್ತಿರಲಿಲ್ಲ. ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಬಡಿಸುತ್ತಿದ್ದರು.

ಎಂಬತ್ತರ ದಶಕ ಆರಂಭವಾದ ಕಾಲಕ್ಕೆ ಬಾಲವಾಡಿಗಳನ್ನೆಲ್ಲ ಒಂದು ದೊಡ್ಡ ಯೋಜನೆಯೊಳಕ್ಕೆ ಸೇರಿಸಿಕೊಳ್ಳುವ ಮಾತು ಬಂತು. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ಪಟ್ಟಿ ಎಲ್ಲವೂ ಶಿಕ್ಷಕಿಯ ಹೊಣೆಯಾಗಲಿದ್ದವು. ಅಂಥ ಶಿಕ್ಷಕಿಗೆ ಎಷ್ಟು ವಿದ್ಯಾರ್ಹತೆ ಬೇಕೆಂದು ಬೆಂಗಳೂರಿನಿಂದ ಪ್ರತಿ ಜಿಲ್ಲೆಯ ಅಭಿಪ್ರಾಯ ಕೇಳಿ ಪತ್ರ ಬಂದಿತ್ತು. ಹತ್ತನೆಯ ತರಗತಿ ತೇರ್ಗಡೆ ಕಡ್ಡಾಯ ಎಂಬುದು ಅದರೊಡನೆ ಬಂದ ನಿಯಮಗಳ ಕರಡಿನಲ್ಲಿದ್ದ ಮಾತು. ಅಷ್ಟು ಓದದವರು ಬಯಸಿದರೆ ಅದೇ ಕೇಂದ್ರದಲ್ಲಿ ಆಯಾ ಆಗಿ ಉಳಿಯಬಹುದು ಎಂಬುದು ಅದರ ಕೆಳಗಿನ ಸಾಲು. ಅಂದರೆ ಕಡಬದವರು ತಮ್ಮದೇ ಮನೆಯ ಪಡಸಾಲೆಯಲ್ಲಿ, ತಾವೇ ಅಕ್ಷರ ತಿದ್ದಿಸಿದ ಮಕ್ಕಳೆದುರು, ಹೊಸದಾಗಿ ಬಂದ ಯಾವಳೋ ಹುಡುಗಿಯ ಕೈಕೆಳಗೆ ಕಸ ಗುಡಿಸಬೇಕು. ನನ್ನ ಎರಡು ತಾಲ್ಲೂಕುಗಳಲ್ಲಿ ಇಂಥವರು ಇನ್ನೂ ಕೆಲವರಿದ್ದರು. ಆದರೆ ಆ ಸಾಲನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಟ್ಟ, ಆ ಪಡಸಾಲೆ.

ಕರಡನ್ನು ವಿರೋಧಿಸಬೇಕೆಂದು ನಾನು ನಿಶ್ಚಯಿಸಿದೆ. ಶಿಕ್ಷಕಿಯರ ಪರವಾಗಿ ನಾನು ಮಾತಾಡುವುದಕ್ಕಿಂತ ಅವರೇ ಮಾತಾಡುವಂತೆ ಅವರನ್ನು ಸಿದ್ಧಗೊಳಿಸುವುದು ಮೇಲೆಂದು ನನ್ನ ಎಣಿಕೆ. ಅದಕ್ಕಾಗಿ ಗುಬ್ಬಿಯಲ್ಲಿ ಮೂರು ದಿನದ ತರಬೇತಿ ಏರ್ಪಡಿಸಿದೆ. ಮೊದಲ ದಿನ ಆಹಾರ, ಎರಡನೆಯ ದಿನ ಆಟ ಪಾಠ, ಮೂರನೆಯ ದಿನ ಚರ್ಚಾಸ್ಪರ್ಧೆ. ವಿಷಯ, ಬಾಲವಾಡಿ ಶಿಕ್ಷಕಿಗೆ ಹತ್ತನೆಯ ತರಗತಿ ಕಡ್ಡಾಯವಾಗಬೇಕು. ಗುರುಗಳು ಹಾಕಿಕೊಟ್ಟ ದಾರಿಯಂತೆಯೇ ಚೀಟಿ ಬರೆದು ಒಂದು ಡಬ್ಬಿಯಲ್ಲಿ ಹಾಕಿದೆ. ಗಂಟೆ ಬೇಕಿತ್ತು, ಕಡಬದವರು ಮಕ್ಕಳನ್ನು ಕರೆಯುವ ಹಿತ್ತಾಳೆಯ ಕೈಗಂಟೆಯನ್ನು ಹಿಂದಿನ ವಾರವೇ ಕೇಳಿ ತರಿಸಿಕೊಂಡಿದ್ದೆ.

ಡಬ್ಬಿಯಲ್ಲಿ ಕೈ ಹಾಕಿದ ಕಡಬದವರಿಗೆ 'ಪರ' ಬಂತು.

ಅವರು ಚೀಟಿಯನ್ನು ಎರಡು ಸಲ ಓದಿದರು. "ಇದು ನನಗೆ ಬ್ಯಾಡಾಗಿತ್ತು ಮೇಡಮ್ಮೋರೆ."

ಪಕ್ಕದಲ್ಲಿದ್ದ ಅಮೃತೂರಿನವರು ಬಾಗಿ ಇಣುಕಿದರು. ಅವರದು ಹತ್ತನೆಯ ತರಗತಿ ಆಗಿತ್ತು, ನಾಲಿಗೆ ಬಲು ಚುರುಕು. "ಅಯ್ಯೋ, ನಿನ್ ಕುರ್ಚಿ ನೀನೇ ಎತ್ತಿ ಬೀದೀಗ್ ಹಾಕೋ ಚೀಟಿ ಬಂತಲ್ಲೇ ಕಡಬ."

"ಬಾಲವಾಡೀಲಿ ಕುರ್ಚಿ ಎಲ್ಲೈತೆ ಹಾಕಕ್ಕೆ? ಚಾಪೆ ಅಲ್ವಾ."

"ಚಾಪೆ ಆದ್ರೆ ಇನ್ನೂ ಸಲೀಸು ಕಣೆ. ಸುತ್ತಿ ಕಂಕುಳಲ್ಲಿ ಇಟ್ಕೊಂಡು ಹೊಂಟೋಗ್ಬೋದು."

ಎಲ್ಲರೂ ನಕ್ಕರು. ನಾನು ಚೀಟಿಯನ್ನು ಬದಲಾಯಿಸಿಕೊಡಬಹುದಿತ್ತು. ಬದಲಿಗೆ ಚರ್ಚೆಯ ಧರ್ಮವೇನು, ಒಪ್ಪದ ಪಕ್ಷವನ್ನು ವಹಿಸುವುದರಿಂದ ಬುದ್ಧಿ ಹೇಗೆ ಹರಿತವಾಗುತ್ತದೆ ಎಂದು ವಿವರಿಸಿದೆ. ಕಡಬದವರು ತಾಳ್ಮೆಯಿಂದ ಕೇಳಿ, "ಆಯ್ತು ಬುಡಿ, ಕೈ ಹಾಕಿದ್ದು ನಾನೇ ತಾನೆ" ಎಂದು ಕಿಟಕಿಯ ಹತ್ತಿರ ಹೋಗಿ ಕುಳಿತರು. ತುಟಿ ಅಲ್ಲಾಡಿಸುತ್ತ ಏನನ್ನೋ ಜೋಡಿಸಿಕೊಳ್ಳುತ್ತಿದ್ದರು.

ಮಾತಾಡುವವರು ಬಹಳ ಮಂದಿ ಇದ್ದುದರಿಂದ ಒಬ್ಬೊಬ್ಬರಿಗೆ ಮೂರೇ ನಿಮಿಷ. ಕಡಬದವರ ಸರದಿ ಬರುವ ಹೊತ್ತಿಗೆ ನಮ್ಮ ಜಿಲ್ಲೆಯ ಅಧಿಕಾರಿಗಳು ತಿಪಟೂರಿಗೆ ಹೋಗುವ ದಾರಿಯಲ್ಲಿ ಜೀಪು ನಿಲ್ಲಿಸಿ ಒಳಗೆ ಬಂದರು. ನಾನು ಎದ್ದು ನಿಂತಾಗ ಕೈಸನ್ನೆಯಿಂದ ಕೂರಿಸಿ, ಬಾಗಿಲ ಬಳಿಯ ಬೆಂಚಿನ ಮೇಲೆ ಸದ್ದಿಲ್ಲದೆ ಕುಳಿತರು. ಚೀಟಿ ಎತ್ತಿದ್ದನ್ನು ಅವರು ನೋಡಿರಲಿಲ್ಲ. ಅವರಿಗೆ ಅದನ್ನು ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

"ನಾನು ಓದಿದ್ದು ಏಳನೇ ಕ್ಲಾಸು" ಎಂದು ಕಡಬದವರು ಆರಂಭಿಸಿದರು. "ಕನ್ನಡ ಓದ್ತೀನಿ, ಬರೀತೀನಿ. ಹೋದ ಮಳೆಗಾಲ್ದಲ್ಲಿ ಒಬ್ಬಳು ತಾಯಿ ಕೂಸು ಎತ್ಕೊಂಡು ಬಂದ್ಲು. ಆಸ್ಪತ್ರೇಲಿ ಔಷಧಿ ಚೀಟಿ ಬರ್ಕೊಟ್ಟಿದ್ರು, ಇಂಗ್ಲಿಷಲ್ಲಿ. 'ಟೀಚರಮ್ಮಾ, ಇದು ಊಟಕ್ ಮುಂಚೆನೋ ಆಮೇಲೋ, ಎಷ್ಟ್ ಸಲ ಕುಡಿಸ್ಬೇಕು, ನೋಡೇಳಿ' ಅಂದ್ಲು. ನಾನು ಚೀಟೀನ ಹಿಂಗೆ ತಿರುಗಿಸ್ದೆ, ಹಂಗೆ ತಿರುಗಿಸ್ದೆ. ಅವಳು ನನ್ ಮುಖಾನೇ ನೋಡ್ತವ್ಳೆ. ಊರಿಗೆಲ್ಲ ನಾನೇ ಟೀಚರು. 'ತಾಳವ್ವ, ಕನ್ನಡಕ ತತ್ತೀನಿ' ಅಂತ ಒಳಕ್ಕೆ ಹೋದೆ. ನನಗೆ ಕನ್ನಡಕ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು.

"ಹಿತ್ಲ ಬಾಗ್ಲಿಂದ ಹೈಸ್ಕೂಲ್ ಮೇಷ್ಟ್ರ ಮನೆಗೆ ಓಡ್ದೆ. ಮೇಷ್ಟ್ರು ತೋಟಕ್ಕೆ ಹೋಗಿದ್ರು. ಅವರು ಬಂದು ಓದಿ ಹೇಳೋ ತನಕ ಆ ಹೆಣ್ಮಗಳು ಪಡಸಾಲೇಲಿ ಕೂತೇ ಇದ್ಲು, ನಾನು ಒಳಗೆ ಕನ್ನಡಕ ಹುಡುಕ್ತಾ ಇದೀನಿ ಅಂದ್ಕೊಂಡು. ಕೂಸಿಗೇನೂ ಆಗ್ಲಿಲ್ಲ, ದೇವರು ದೊಡ್ಡೋನು. ಅವತ್ತು ನಾನು ಕಂಡ್ಕೊಂಡಿದ್ದು ಇಷ್ಟೆ. ಮಕ್ಕಳಿಗೆ ಹಾಡು ಹೇಳ್ಕೊಡಕ್ಕೆ ಏಳನೇ ಕ್ಲಾಸು ಸಾಕು. ಅವರ ಜೀವ ನೋಡ್ಕೊಳಕ್ಕೆ ಸಾಲ್ದು. ಹತ್ತನೇ ಕ್ಲಾಸು ಇರ್ಲೇಬೇಕು. ಅದಕ್ಕೆ..."

ಮೂರು ನಿಮಿಷ ಮುಗಿದಿತ್ತು. ನಾನು ಗಂಟೆಯನ್ನು ಎರಡು ಬಾರಿ ಅಲ್ಲಾಡಿಸಿದೆ. ಅವರು ತೆರೆದ ಬಾಯನ್ನು ಹಾಗೇ ಮುಚ್ಚಿ, ಕೈಮುಗಿದು, ಹೋಗಿ ಕುಳಿತರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅಧಿಕಾರಿಗಳೂ ಚಪ್ಪಾಳೆ ತಟ್ಟಿದರು. ಮುಂದೆ 'ವಿರೋಧ' ಹಿಡಿದ ಅಮೃತೂರಿನವರು ಎದ್ದು, "ಡಾಕ್ಟ್ರ ಬರಹಾನ ಅವರ ಕಾಂಪೌಂಡರೇ ಓದಕ್ಕಾಗಲ್ಲ, ಹತ್ತನೇ ಕ್ಲಾಸಿನೋಳು ಏನ್ ಓದ್ತಾಳೆ? ನಾನೂ ಕನ್ನಡಕ ಹುಡುಕ್ಬೇಕಾಯ್ತದೆ" ಎಂದು ಸಭೆಯನ್ನೆಲ್ಲ ನಗಿಸಿದರು. ಅಷ್ಟರಲ್ಲಿ ಅಧಿಕಾರಿಗಳು ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಜೀಪು ಹತ್ತಿಯಾಗಿತ್ತು.

ಆ ನಾಲ್ಕು ಸಾಲು ಓದಿ ನಾನು ಹಿಗ್ಗಿದ್ದು ನಿಜ. ತರಬೇತಿ ಅತ್ಯುತ್ತಮವಾಗಿ ನಡೆಯುತ್ತಿದೆ ಎಂದಿತ್ತು. ಅದರ ಕೆಳಗೆ, ಅನುಭವಸ್ಥ ಶಿಕ್ಷಕಿಯ ಅಭಿಪ್ರಾಯವನ್ನು ಗಮನಿಸಲಾಗಿದೆ, ಎಂದಿತ್ತು. ಆ ಎರಡನೆಯ ವಾಕ್ಯದ ಅರ್ಥ ತಿಳಿದದ್ದು ಮುಂದಿನ ವಾರ, ತುಮಕೂರಿನ ಕಚೇರಿಯಲ್ಲಿ.

ಅಲ್ಲಿನ ಹಿರಿಯ ಗುಮಾಸ್ತರಿಗೆ ನನ್ನ ಮೇಲೆ ಒಂದು ಬಗೆಯ ಅಕ್ಕರೆ. ಬೆರಳಚ್ಚು ಮಾಡಿದ ಹಾಳೆಯೊಂದನ್ನು ಮುಂದೆ ನೂಕಿ, "ಏನ್ ತಾಯಿ, ಕರಡು ಬ್ಯಾಡ ಬ್ಯಾಡ ಅಂತ ಕುಣೀತಿದ್ರಿ. ನಿಮ್ಮೋರೇ ಬೇಕು ಅಂದವ್ರಲ್ಲ" ಎಂದರು. ಜಿಲ್ಲೆಯ ಅಭಿಪ್ರಾಯ ಸಿದ್ಧವಾಗಿತ್ತು. ಹತ್ತನೆಯ ತರಗತಿ ಕಡ್ಡಾಯವಾಗಬೇಕೆಂದು ಅಷ್ಟು ಓದಿಲ್ಲದ ಶಿಕ್ಷಕಿಯರೇ ತರಬೇತಿಯಲ್ಲಿ ಮನಮುಟ್ಟುವಂತೆ ಪ್ರತಿಪಾದಿಸಿದ್ದಾರೆ ಎಂದು ಅದರಲ್ಲಿತ್ತು. ಕಡಬದ ಹೆಸರೂ ಇತ್ತು. ಮುಂದಿನ ಗುರುವಾರ ಕಡತ ಬೆಂಗಳೂರಿಗೆ ಹೋಗುವುದಿತ್ತು.

ನಾನು ನೇರವಾಗಿ ಅಧಿಕಾರಿಗಳ ಕೋಣೆಗೆ ಹೋದೆ. ಅವರು ಸಜ್ಜನರು, ಕೆಳಗಿನ ಹಂತದಿಂದ ಮೇಲೆ ಬಂದವರು, ಯಾರ ಮಾತನ್ನಾದರೂ ಪೂರ್ತಿ ಕೇಳುವವರು.

"ಸರ್, ಅದು ಆಕೆಯ ಅಭಿಪ್ರಾಯವಲ್ಲ."

"ಮತ್ತೆ ಯಾರದಮ್ಮಾ? ನಾನೇ ಕೂತು ಕೇಳಿದೆನಲ್ಲ."

"ಅದು ಚರ್ಚಾಸ್ಪರ್ಧೆ ಸರ್. ಪಕ್ಷವನ್ನು ಚೀಟಿ ಎತ್ತಿ ಕೊಟ್ಟದ್ದು."

"ಆಸ್ಪತ್ರೆ ಚೀಟಿ ವಿಷಯ ಹೇಳಿದ್ರಲ್ಲ, ಅದೂ ಡಬ್ಬಿಯಿಂದ ಬಂತೋ?"

"ಇಲ್ಲ ಸರ್, ಅದು ನಡೆದದ್ದೇ ಇರಬೇಕು."

"ಹಂಗಾದ್ರೆ ಆಕೆ ನಿಜ ಹೇಳಿದಾರೆ. ನಾನು ನಿಜ ಬರೆದಿದೀನಿ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮಾ, ಕಾಲೇಜಲ್ಲಿ ಕಲಿತೋರು ನೀವು ಹಿಂಗೂ ಮಾತಾಡ್ತೀರಿ, ಹಂಗೂ ಮಾತಾಡ್ತೀರಿ. ನಮ್ಮಂಥೋರು ಕೇಳಿದ್ದನ್ನ ನಂಬ್ತೀವಿ."

ನಮಸ್ಕರಿಸಿ ಹೊರಬಂದೆ. ಚರ್ಚಾವೇದಿಕೆಯ ಮೇಲೆ ನಾನು ಹಾಗೆ ಎಂದೂ ಸೋತಿರಲಿಲ್ಲ. ನಾನು ಆಟದ ನಿಯಮವನ್ನು, ಆಟವಾಡದವರ ಬದುಕಿನ ನಡುವೆ ತಂದಿಟ್ಟಿದ್ದೆ. ಕಾಲೇಜಿನಲ್ಲಿ ಸೋತವನು ಮಾರನೆಯ ದಿನ ಅದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದ. ಇಲ್ಲಿ ಗೆದ್ದವರು ತಮ್ಮ ಪಡಸಾಲೆಯನ್ನು ಕಳೆದುಕೊಳ್ಳಲಿದ್ದರು.

ನನಗೆ ತಿಳಿದ ಪರಿಹಾರ ಒಂದೇ, ಬರೆಯುವುದು. ಎರಡು ದಿನ ಕುಳಿತು ಹನ್ನೊಂದು ಹಾಳೆಯ ಮನವಿ ಬರೆದೆ. ಪೀಠಿಕೆ, ಎದುರಾಳಿಯ ವಾದವನ್ನು ಮುಂದಿಡುವ ಪೂರ್ವಪಕ್ಷ, ಅದರ ಖಂಡನೆ, ಉಪಸಂಹಾರ ಎಲ್ಲವೂ ಅದರಲ್ಲಿದ್ದವು. ಅನುಭವವೂ ಒಂದು ವಿದ್ಯಾರ್ಹತೆಯೇ ಎಂಬುದು ಅದರ ತಿರುಳು. ಅವರೆಕಾಯಿ ಸುಲಿಯುತ್ತ ಕುಳಿತಿದ್ದ ತಾಯಿಗೆ ಓದಿ ಹೇಳಿದೆ. ಐದನೆಯ ಹಾಳೆಗೆ ಅವರು, "ಆ ಕಡಬದ ಹೆಂಗಸು ಇದಕ್ಕೆ ಏನಂದ್ಲು?" ಎಂದರು. ಇನ್ನೂ ಕೇಳಿಲ್ಲವೆಂದೆ. "ಮತ್ತೆ ಅವಳ ಪರವಾಗಿ ಇಷ್ಟುದ್ದ ಹೆಂಗೆ ಬರೆದೆ?" ಎಂದು ಸಿಪ್ಪೆಯನ್ನು ಮೊರದಿಂದ ಒಗೆದರು.

ಶನಿವಾರ ಮಧ್ಯಾಹ್ನ ಕಡಬದಲ್ಲಿ ಬಸ್ಸಿಳಿದೆ. ಒಂದು ಕೈಚೀಲದಲ್ಲಿ ಹನ್ನೊಂದು ಹಾಳೆ, ಇನ್ನೊಂದರಲ್ಲಿ ಹಿಂದಿರುಗಿಸಬೇಕಾದ ಹಿತ್ತಾಳೆ ಗಂಟೆ. ಗಂಟೆ ಕೊಡುವುದಕ್ಕೆಂದು ಬಂದೆ ಎಂದು ಹೇಳಿ, ಆಮೇಲೆ ಮಿಕ್ಕದ್ದನ್ನು ಹೇಳುವ ಹಂಚಿಕೆ ನನ್ನದು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮಕ್ಕಳು ಹೊರಟುಹೋಗಿದ್ದರು. ಕಡಬದವರು ಪಡಸಾಲೆ ಗುಡಿಸುತ್ತಿದ್ದರು. ಅವರ ಕೈಯಲ್ಲಿ ಪೊರಕೆ ನೋಡಿದ ಕೂಡಲೇ ನನ್ನ ಹಂಚಿಕೆಯೆಲ್ಲ ತಪ್ಪಿಹೋಗಿ, ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ತಪ್ಪಾಯಿತು ಎಂದೆ.

ಅವರು ಪೊರಕೆಯನ್ನು ಮೂಲೆಗೆ ಒರಗಿಸಿದರು. "ಒಳಗ್ ಬನ್ನಿ ಮೇಡಮ್ಮೋರೆ. ಮೊದ್ಲು ನೀರ್ ಕುಡೀರಿ."

ನೀರು ಕುಡಿದೆ. ಅಟ್ಟದ ಮೇಲೆ ಕಾಯೊಂದು ಉರುಳಿತು.

"ನಿಮಗೆ ಸಿಟ್ಟು ಬರಲಿಲ್ಲವೇ?"

"ಯಾಕೆ ಬರ್ಬೇಕು? ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅವತ್ತಿಂದ ಅದನ್ನ ಯಾರ ಹತ್ರನೂ ಹೇಳಿರ್ಲಿಲ್ಲ, ನಮ್ಮ ಯಜಮಾನ್ರಿಗೂ ಹೇಳಿರ್ಲಿಲ್ಲ. ಚೀಟಿ ಬಂತಲ್ಲ ಅಂತ ಧೈರ್ಯ ಬಂತು. ಚೀಟಿ ಹೇಳಿಸ್ತು ಅಂದ್ರಾಯ್ತು ಅಂದ್ಕೊಂಡೆ." ಸ್ವಲ್ಪ ತಡೆದು ಅವರು ನನ್ನ ಕೈಚೀಲದ ಕಡೆ ನೋಡಿದರು. "ಆದ್ರೆ ನಾನು ಹೇಳಿದ್ದು ಅರ್ಧ. ಮಿಕ್ಕಿದ್ದು ಹೇಳೋಕ್ ಬಾಯ್ ತೆಗ್ದೆ, ನೀವು ಗಂಟೆ ಹೊಡೆದ್ರಿ. ಅದೂ ನಂದೇ ಗಂಟೇಲಿ."

ನಾನು ಗಂಟೆಯನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಅವರು ನಗುತ್ತಿದ್ದರು.

"ಮಿಕ್ಕದ್ದು ಏನಿತ್ತು?"

ಅವರು ಹೇಳಿದರು. ಗೋಡೆಗೆ ಒರಗಿ, ಅಂದು ಸಭೆಯಲ್ಲಿ ನಿಲ್ಲಿಸಿದ 'ಅದಕ್ಕೆ' ಎಂಬಲ್ಲಿಂದಲೇ ಎತ್ತಿಕೊಂಡು, ಇನ್ನೊಂದು ಮೂರು ನಿಮಿಷ ಹೇಳಿದರು. ನಾನು ಹನ್ನೊಂದು ಹಾಳೆಯಲ್ಲಿ ಒಂದನ್ನು ಹೊರತೆಗೆದು, ಅದರ ಹಿಂಬದಿಯಲ್ಲಿ ಅವರ ಮಾತನ್ನು ಬರೆದುಕೊಂಡೆ. ಮುಂಬದಿಯ ನನ್ನ ಅಕ್ಷರಗಳು ಹಾಳೆಯ ಆಚೆಯಿಂದ ಮಸುಕಾಗಿ ಕಾಣುತ್ತಿದ್ದವು. ಬರೆದು ಮುಗಿಸಿದಾಗ ಮಿಕ್ಕ ಹತ್ತು ಹಾಳೆಗಳಿಗೆ ಕೆಲಸವಿರಲಿಲ್ಲ. ನಾನು ಅವರ ಏಳನೆಯ ತರಗತಿಯೇ ಸಾಕೆಂದು ವಾದಿಸಿದ್ದೆ. ಅವರಿಗೆ ಅದು ಸಾಕಾಗಿರಲಿಲ್ಲ.

"ಇದನ್ನ ನೀವೇ ಬಂದು ಅಧಿಕಾರಿಗಳ ಮುಂದೆ ಹೇಳಬೇಕು" ಎಂದೆ.

"ತುಮಕೂರಿಗಾ? ಅಲ್ಲಿ ಗಂಟೆ ಯಾರು ಹೊಡೀತಾರೆ?"

"ಯಾರೂ ಹೊಡೆಯುವುದಿಲ್ಲ."

"ಹಂಗಾದ್ರೆ ಬತ್ತೀನಿ."

ಬುಧವಾರ ಬೆಳಿಗ್ಗೆ ಗುಬ್ಬಿಯಿಂದ ಒಟ್ಟಿಗೆ ಬಸ್ಸು ಹತ್ತಿದೆವು. ಅವರು ಮದುವೆಗೆ ಉಡುವ ಸೀರೆ ಉಟ್ಟಿದ್ದರು, ಕೈಯಲ್ಲಿ ಎರಡು ಕೊಬ್ಬರಿ ಗಿಟುಕು ಇದ್ದವು. ಅಧಿಕಾರಿಗೆ ಕೊಡಲೆಂದು ತಂದದ್ದಿರಬೇಕೆಂದು ನಾನು ಗಾಬರಿಯಿಂದ, ಹಾಗೆಲ್ಲ ಕೊಡಬಾರದು, ಅದು ನಿಯಮಕ್ಕೆ ವಿರುದ್ಧ ಎಂದು ವಿವರಿಸಲು ಹೊರಟೆ. "ನಿಮ್ಮ ತಾಯೋರಿಗೆ ಮೇಡಮ್ಮೋರೆ" ಎಂದು ಅವುಗಳನ್ನು ನನ್ನ ಚೀಲಕ್ಕೆ ತುರುಕಿದರು.

ಅಧಿಕಾರಿಗಳು ಗುರುತು ಹಿಡಿದರು. "ಓಹೋ, ಕನ್ನಡಕದವರು" ಎಂದರು. ಹಿರಿಯ ಗುಮಾಸ್ತರು ಯಾವುದೋ ಕಡತದ ನೆಪ ಮಾಡಿಕೊಂಡು ಬಾಗಿಲಲ್ಲೇ ನಿಂತರು. ನಾನು ಪೀಠಿಕೆ ಹಾಕಲು ಬಾಯಿ ತೆರೆದೆ, ಆಮೇಲೆ ಮುಚ್ಚಿದೆ. ಮುಂದಿನದೂ ಸೇರಿ ಇಪ್ಪತ್ತು ವರ್ಷಗಳ ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿರಲಿಲ್ಲ.

"ಅವತ್ತು ಟೈಮಾಯ್ತು ಅಂತ ಕೂತ್ಕೊಂಡೆ ಸಾಮಿ" ಎಂದು ಕಡಬದವರು ನಿಂತೇ ಹೇಳಿದರು. "ಹತ್ತನೇ ಕ್ಲಾಸು ಇರ್ಲೇಬೇಕು ಅಂದೆ. ಈಗ್ಲೂ ಅದೇ ಅಂತೀನಿ. ಅದಕ್ಕೆ ನಮ್ಮನ್ನ ಓದಿಸಿ, ತೆಗೀಬ್ಯಾಡಿ. ಹೊಸಬರನ್ನ ತಗೊಳೋವಾಗ ಹತ್ತನೇ ಕ್ಲಾಸು ಕೇಳಿ, ಒಪ್ತೀನಿ. ಆ ಹುಡುಗಿ ಬಂದ್ರೆ ಚೀಟಿ ಓದ್ತಾಳೆ, ಒಳ್ಳೇದು. ಆದ್ರೆ ಯಾವ ಮಗು ಮನೇಲಿ ಉಣ್ಣದೆ ಬಂದೈತೆ ಅಂತ ಮುಖ ನೋಡಿ ಹೇಳ್ತಾಳಾ? ಯಾವ ತಾಯಿ ಮಗೂನ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ ಅಂದು ಹೋಗಲ್ಲ ಅಂತ ಗೊತ್ತಾಯ್ತದಾ? ಅದು ಕಲಿಯಕ್ಕೆ ನನಗೆ ಒಂಬತ್ತು ವರ್ಷ ಹಿಡೀತು. ಇಂಗ್ಲಿಷು, ಲೆಕ್ಕ ಕಲಿಯಕ್ಕೆ ಮೂರು ವರ್ಷ ಕೊಡಿ. ಯಾವುದು ಬೇಗ ಆಯ್ತದೆ, ನೀವೇ ನೋಡಿ."

ಅಧಿಕಾರಿಗಳು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ಮೂರು ವರ್ಷದಲ್ಲಿ ಪಾಸಾಗದಿದ್ರೆ?"

"ಆವಾಗ ತೆಗೀರಿ. ನಾನೇ ಗಂಟೆ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

"ಎಲ್ಲಿ ಓದ್ತೀರಿ? ಯಾರು ಹೇಳ್ಕೊಡ್ತಾರೆ?"

ಕಡಬದವರು ನನ್ನನ್ನು ತೋರಿಸಿದರು. ಆ ಬಗ್ಗೆ ನಮ್ಮಲ್ಲಿ ಮಾತೇ ಆಗಿರಲಿಲ್ಲ. "ಇವರು ಯಾವ ಪಕ್ಷ ಕೊಟ್ರೂ ಹೇಳ್ಕೊಡ್ತಾರೆ" ಎಂದರು.

ಬಾಗಿಲಲ್ಲಿದ್ದ ಗುಮಾಸ್ತರು ಕೆಮ್ಮಿದಂತೆ ನಕ್ಕರು. ಅಧಿಕಾರಿಗಳು ಅವರನ್ನು ಕರೆದು, ಬೆರಳಚ್ಚಾದ ಹಾಳೆಯನ್ನು ವಾಪಸು ತರಲು ಹೇಳಿ, ನಾನು ತಂದಿದ್ದ ಹಾಳೆಯ ಹಿಂಬದಿಯನ್ನು ಓದಿದರು. ಮುಂಬದಿಯನ್ನೂ ತಿರುಗಿಸಿ ನೋಡಿ, "ಇದೇನಮ್ಮಾ ಇದು, ಪೂರ್ವಪಕ್ಷ?" ಎಂದರು. ಅದು ಬೇಡ ಸರ್ ಎಂದೆ. ಜಿಲ್ಲೆಯ ಅಭಿಪ್ರಾಯವನ್ನು ಹೊಸದಾಗಿ ಬೆರಳಚ್ಚು ಮಾಡಲಾಯಿತು. ಕಡಬದ ಹೆಸರು ಅದರಲ್ಲಿ ಹಾಗೇ ಉಳಿಯಿತು, ಪೂರ್ತಿ ಮಾತಿನೊಂದಿಗೆ.

ಕೆಲಸ ಮುಗಿಸಿ ನಾವಿಬ್ಬರೂ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. "ಸಾಹೇಬ್ರ ಮುಂದೆ ನಾನು ಮಾತಾಡಿದ್ದು ಹೆಂಗಿತ್ತು?" ಎಂದು ಅವರು ಕೇಳಿದರು. ಅಂಕ ಕೊಡುವುದಾದರೆ ಪೂರ್ಣಾಂಕ ಎಂದೆ. "ಅಂಕ ಲೆಕ್ಕದಲ್ಲಿ ಬರ್ಲಿ ಮೇಡಮ್ಮೋರೆ, ಅಲ್ಲೇ ನನಗೆ ಕಷ್ಟ" ಎಂದರು.

ಆದೇಶ ಬರಲು ಒಂದು ವರ್ಷವೇ ಹಿಡಿಯಿತು. ನಮ್ಮ ಜಿಲ್ಲೆಯ ಮಾತಿಗೇ ಅದು ಹಾಗೆ ಬಂತೆಂದು ಹೇಳುವಷ್ಟು ಗರ್ವ ನನಗಿಲ್ಲ. ಬೇರೆ ಜಿಲ್ಲೆಗಳಿಂದಲೂ ಅದೇ ಮಾತು ಹೋಗಿದ್ದಿರಬಹುದು. ಸೇವೆಯಲ್ಲಿರುವ ಶಿಕ್ಷಕಿಯರಿಗೆ ತೇರ್ಗಡೆಯಾಗಲು ಕಾಲಾವಕಾಶ ಕೊಟ್ಟು, ಅಲ್ಲಿಯವರೆಗೆ ಅವರನ್ನು ಶಿಕ್ಷಕಿಯರಾಗಿಯೇ ಮುಂದುವರಿಸತಕ್ಕದ್ದು ಎಂದು ಅದರಲ್ಲಿತ್ತು. ಪರೀಕ್ಷೆಯ ದಿನಗಳಿಗೆ ರಜೆ ಕೊಡಬೇಕೆಂದು ನಾವು ಸೇರಿಸಿದ್ದ ಸಾಲು ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಆ ರಜೆಗಾಗಿ ನಾನು ಇನ್ನೂ ಎರಡು ವರ್ಷ ಪತ್ರ ಬರೆದೆ. ಈ ಬಾರಿ ಪ್ರತಿ ಪತ್ರವೂ ಒಂದೇ ಹಾಳೆಯದು, ಕಳಿಸುವ ಮುನ್ನ ಶಿಕ್ಷಕಿಯರ ಎದುರು ಓದಿದ್ದು.

ಪಾಠ ಹೇಳಿಕೊಡುವ ಹೊಣೆ ನಿಜವಾಗಿಯೂ ನನ್ನ ಮೇಲೆ ಬಿತ್ತು. ಶನಿವಾರ ಮಧ್ಯಾಹ್ನಗಳಲ್ಲಿ ಗುಬ್ಬಿಯ ಬಾಲವಾಡಿಯಲ್ಲಿ ಐದಾರು ಮಂದಿ ಸೇರುತ್ತಿದ್ದರು. ಮಕ್ಕಳ ಚಾಪೆಗಳ ಮೇಲೆ ಕುಳಿತು, ಮಕ್ಕಳ ಬಳಪದಲ್ಲೇ ಬೀಜಗಣಿತ ಮಾಡುತ್ತಿದ್ದೆವು. ನನಗೂ ಲೆಕ್ಕ ಮರೆತಿತ್ತು. ರಾತ್ರಿ ಕಲಿತು ಹಗಲು ಕಲಿಸುತ್ತಿದ್ದೆ. ಕಡಬದವರು ಖಾಸಗಿ ಅಭ್ಯರ್ಥಿಯಾಗಿ ಮೊದಲ ಬಾರಿ ಪರೀಕ್ಷೆ ಬರೆದಾಗ ಇಂಗ್ಲಿಷಿನಲ್ಲಿ ತೇರ್ಗಡೆಯಾಗಿ ಲೆಕ್ಕದಲ್ಲಿ ಉಳಿದರು. ಎರಡನೆಯ ಬಾರಿಯೂ ಲೆಕ್ಕ ಕೈಕೊಟ್ಟಿತು. "ಇಲಿ ಹೇಳ್ಕೊಟ್ಟಿದ್ರೆ ಪಾಸಾಗ್ತಿದ್ದೆ" ಎಂದರು. ಮೂರನೆಯ ಬಾರಿ ಫಲಿತಾಂಶ ನೋಡಲು ನಾನೇ ಶಾಲೆಗೆ ಹೋದೆ. ಪಟ್ಟಿಯಲ್ಲಿ ಅವರ ಸಂಖ್ಯೆ ಇತ್ತು. ಕಡಬಕ್ಕೆ ಹೋಗಿ ಹೇಳಿದಾಗ ಅವರು ಮಕ್ಕಳಿಗೆ ಬಡಿಸುತ್ತಿದ್ದರು. ಸೌಟು ಕೆಳಗಿಡದೆ, "ಊಟ ಆಗ್ಲಿ, ಆಮೇಲೆ ಅಳ್ತೀನಿ" ಎಂದರು.

ಇದಾದ ಒಂದೆರಡು ವರ್ಷಕ್ಕೆ ಕುಣಿಗಲ್ಲಿನಲ್ಲಿ ಹೊಸ ಶಿಕ್ಷಕಿಯರಿಗೆ ತರಬೇತಿ ನಡೆಯಿತು. ಎಲ್ಲರೂ ಹತ್ತನೆಯ ತರಗತಿ ಮುಗಿಸಿದ, ಇಪ್ಪತ್ತರ ಆಸುಪಾಸಿನ ಹುಡುಗಿಯರು. ಅವರೆದುರು ಮಾತಾಡಲು ನಾನು ಕಡಬದವರನ್ನು ಕರೆದಿದ್ದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅವರಿಗೆ ಅರ್ಧ ಗಂಟೆ ಇಟ್ಟಿದ್ದೆ. ಉಪ್ಪಿಟ್ಟು ಬಡಿಸುವಾಗ ಮುಖ ನೋಡುವುದು ಹೇಗೆ ಎಂಬಲ್ಲಿಂದ ಶುರುವಾದದ್ದು, ತೂಕದ ಪಟ್ಟಿ ತುಂಬುವುದು, ಔಷಧಿ ಚೀಟಿ ಓದುವುದು, ಓದಲು ಬಾರದಿದ್ದರೆ ಬಾರದು ಎಂದು ತಾಯಂದಿರ ಎದುರು ನೇರವಾಗಿ ಹೇಳುವುದು, ಹೀಗೆ ಮುಂದುವರಿಯಿತು. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಮುಕ್ಕಾಲು ಗಂಟೆಯಾಯಿತು. ಹೊರಗೆ ಮುದ್ದೆ ಆರುತ್ತಿದೆಯೆಂದು ಅಡಿಗೆಯವರು ಎರಡು ಸಲ ಇಣುಕಿದರು.

ನನ್ನ ಪಕ್ಕದಲ್ಲಿದ್ದ ಅಮೃತೂರಿನವರು ಮೊಣಕೈಯಿಂದ ತಿವಿದರು. "ಮೇಡಮ್ಮೋರೆ, ಹೊಟ್ಟೆ ತಾಳ ಹಾಕ್ತೈತೆ. ಎಲ್ಲಿ ನಿಮ್ಮ ಗಂಟೆ?"

"ಕಡಬದಲ್ಲಿದೆ" ಎಂದೆ.

"ತರಿಸ್ಬಾರ್ದಿತ್ತಾ?"

ಕಡಬದವರು ಆಗಷ್ಟೇ ಆ ಕನ್ನಡಕದ ಪ್ರಸಂಗಕ್ಕೆ ಬಂದಿದ್ದರು. ನಾನು ಕೈಗಡಿಯಾರವನ್ನು ಬಿಚ್ಚಿ ಚೀಲದೊಳಗೆ ಹಾಕಿ, ಕೇಳುತ್ತ ಕುಳಿತೆ.